ಡಕೋಟವೋ ಪ್ಯಾಕೆಟ್ಟೋ, ಪೊಂಕಿಯೋ ಸಾಗವಾನಿಯೋ: ಹಳೆಯ ಸರಕು ವಿಮಾನದ ಮೇಜಿನ ಮಾದರಿ ಆರಿಸುವ ಬಗೆ

ಏಪ್ರಿಲ್ ಮಧ್ಯಾಹ್ನ ರಾಯಚೂರಿನಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಪಿಎಲ್‌ಎ ಎಂಬ 3ಡಿ ಪ್ರಿಂಟ್ ಪ್ಲಾಸ್ಟಿಕ್ಕಿನ ಡಕೋಟ ವಿಮಾನದ ಮಾದರಿ ಇಟ್ಟು ಊಟಕ್ಕೆ ಹೋಗಿ ಬನ್ನಿ. ವಾಪಸ್ ಬರುವಷ್ಟರಲ್ಲಿ ಅದರ ರೆಕ್ಕೆ ಹಪ್ಪಳದ ಹಾಗೆ ಮಡಿಚಿಕೊಂಡಿರುತ್ತದೆ. ಪಿಎಲ್‌ಎ ಮೆತ್ತಗಾಗುವುದು 55-60 ಡಿಗ್ರಿಗೆ. ನಮ್ಮ ಕಡೆ ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಆ ಶಾಖ ಸುಲಭವಾಗಿ ದಾಟುತ್ತದೆ. ಅದೇ ಮಾದರಿಯನ್ನು ಫೋಟೋದಲ್ಲಿ ನೋಡಿದಾಗ ಮರದ್ದಕ್ಕಿಂತ ಅದೇ ಚೆಂದ ಕಂಡಿರುತ್ತದೆ, ಬೆಲೆಯೂ ಕಡಿಮೆ ಇರುತ್ತದೆ.

ಆದ್ದರಿಂದ ಫೋಟೋ ನೋಡಿ ವಿಮಾನ ಆರಿಸಿ, ಆಮೇಲೆ ಎಲ್ಲಿ ಇಡುವುದು ಅಂತ ಯೋಚಿಸುವ ಕ್ರಮವೇ ತಪ್ಪು. ಮೊದಲು ಇಡುವ ಜಾಗ. ಅದು ಅಳತೆಯನ್ನು ಹೇಳುತ್ತದೆ. ಆಮೇಲೆ ವಿಮಾನ. ಅದರ ಆಕಾರವೇ ಯಾವ ವಸ್ತುವಿನಲ್ಲಿ ಮಾಡಿದರೆ ಬಾಳುತ್ತದೆ ಅನ್ನುವುದನ್ನು ಹೇಳುತ್ತದೆ. ಬಳ್ಳಾರಿ, ರಾಯಚೂರು, ಕೊಪ್ಪಳದ ಬಿಸಿಲು ಮತ್ತು ಧೂಳು ಉಳಿದದ್ದನ್ನು ತೀರ್ಮಾನಿಸುತ್ತವೆ.

ಅಳತೆ: ಇಂಚು ಕೇಳಬೇಡಿ, ಅನುಪಾತ ಕೇಳಿ

ಮಾರುವವರು "12 ಇಂಚಿನ ಮಾಡೆಲ್" ಅನ್ನುತ್ತಾರೆ. ಒಂದೇ ವಿಮಾನ ಇಡುವುದಾದರೆ ಅಡ್ಡಿಯಿಲ್ಲ. ಎರಡು-ಮೂರು ಸಾಲಾಗಿ ಇಡುವ ಆಸೆಯಿದ್ದರೆ ಇದು ದೊಡ್ಡ ಮೋಸ. 12 ಇಂಚಿನ ರೆಕ್ಕೆಯ ಡಕೋಟ ಹೆಚ್ಚುಕಡಿಮೆ 1:95 ಆಗುತ್ತದೆ, ಅದೇ 12 ಇಂಚಿನ ಪ್ಯಾಕೆಟ್ 1:109, ಎಎನ್-12 ಆದರೆ 1:125. ಮೂರನ್ನೂ ಪಕ್ಕಪಕ್ಕ ಇಟ್ಟರೆ ಆನೆ, ಕುದುರೆ, ಕುರಿ ಮೂರೂ ಒಂದೇ ಎತ್ತರ. ಲೆಕ್ಕ ಸುಲಭ: ನಿಜ ವಿಮಾನದ ರೆಕ್ಕೆಯ ಅಗಲವನ್ನು ಮಿಲಿಮೀಟರಿಗೆ ತಂದು ಅನುಪಾತದಿಂದ ಭಾಗಿಸಿ.

| ವಿಮಾನ | ನಿಜ ರೆಕ್ಕೆ / ಉದ್ದ (ಮೀ.) | 1:72 ರೆಕ್ಕೆ | 1:100 ರೆಕ್ಕೆ | 1:144 ರೆಕ್ಕೆ |
|---|---|---|---|---|
| ಸಿ-47 ಡಕೋಟ | 29.1 / 19.4 | 40.4 ಸೆಂ.ಮೀ. | 29.1 ಸೆಂ.ಮೀ. | 20.2 ಸೆಂ.ಮೀ. |
| ಸಿ-119 ಪ್ಯಾಕೆಟ್ | 33.3 / 26.4 | 46.3 ಸೆಂ.ಮೀ. | 33.3 ಸೆಂ.ಮೀ. | 23.1 ಸೆಂ.ಮೀ. |
| ಕ್ಯಾರಿಬೂ | 29.2 / 22.1 | 40.5 ಸೆಂ.ಮೀ. | 29.2 ಸೆಂ.ಮೀ. | 20.3 ಸೆಂ.ಮೀ. |
| ಎಎನ್-12 | 38.0 / 33.1 | 52.8 ಸೆಂ.ಮೀ. | 38.0 ಸೆಂ.ಮೀ. | 26.4 ಸೆಂ.ಮೀ. |

ಆಫೀಸಿನ ಸಾಮಾನ್ಯ ಮೇಜು ನಾಲ್ಕಡಿ ಉದ್ದ, ಎರಡಡಿ ಅಗಲ. ಕಂಪ್ಯೂಟರ್, ಕಡತ, ನೀರಿನ ಬಾಟಲಿ ಇಟ್ಟ ಮೇಲೆ ಮೂಲೆಯಲ್ಲಿ ಉಳಿಯುವುದು ಒಂದು ಅಡಿ ಚೌಕ. ಅಲ್ಲಿಗೆ 1:100 ಡಕೋಟ ಸರಿಯಾಗಿ ಕೂರುತ್ತದೆ. 1:72 ಎಎನ್-12 ಇಟ್ಟರೆ ಫೈಲು ಎತ್ತುವ ಪ್ರತಿಯೊಬ್ಬರ ಮೊಣಕೈಯೂ ರೆಕ್ಕೆಗೆ ತಾಗುತ್ತದೆ. ದೊಡ್ಡ ಅಳತೆ ಗೋಡೆಯ ಶೋಕೇಸಿಗೆ, ಶಾಲೆಯ ಹಾಲಿಗೆ. ಕೈಯಿಂದ ಕೆತ್ತಿಸುವುದಾದರೆ 1:144ಕ್ಕೆ ಹೋಗಬೇಡಿ. ಆ ಅಳತೆಯಲ್ಲಿ ಪ್ರೊಪೆಲರ್ ಎಲೆ ಕಡ್ಲಿಬೇಳೆಯಷ್ಟು ಅಗಲವೂ ಇರುವುದಿಲ್ಲ, ಉಳಿ ಹಿಡಿದ ಕೈಗೆ ಅದು ಸಿಗುವ ಕೆಲಸವಲ್ಲ.

ಯಾವ ವಿಮಾನ?

ಡಕೋಟಕ್ಕೆ ಮೊದಲ ಸ್ಥಾನ, ಅದರಲ್ಲಿ ಅನುಮಾನವಿಲ್ಲ. 1947ರ ಅಕ್ಟೋಬರ್ 27ರಂದು ದೆಹಲಿಯಿಂದ ಸಿಖ್ ರೆಜಿಮೆಂಟಿನ ಮೊದಲ ಬೆಟಾಲಿಯನ್ನನ್ನು ಶ್ರೀನಗರಕ್ಕೆ ಇಳಿಸಿದ್ದು ಇದೇ ವಿಮಾನ. 2018ರಲ್ಲಿ ದುರಸ್ತಿಯಾಗಿ ವಾಯುಪಡೆ ಸೇರಿದ ವಿಪಿ905, ಅಂದರೆ "ಪರಶುರಾಮ", ಇದೇ ಜಾತಿಯದು. ಆದರೆ ಕತೆಗಿಂತ ಆಕಾರದ ಕಾರಣವೇ ಹೆಚ್ಚು: ದುಂಡನೆಯ ಒಡಲು, ಕೆಳಗೆ ಕೂತ ದಪ್ಪ ರೆಕ್ಕೆ, ಎರಡು ಎಂಜಿನ್. ಒಡೆಯುವಂತೆ ಹೊರಚಾಚಿದ ತೆಳು ಭಾಗ ಕಡಿಮೆ. ಮರಕ್ಕೆ ಹೇಳಿ ಮಾಡಿಸಿದ ರೂಪ.

ಸುಲಭವಾದದ್ದರಿಂದಲೇ ಡಕೋಟದಲ್ಲಿ ಉಡಾಫೆಯೂ ಹೆಚ್ಚು. ನೋಡಬೇಕಾದ ಜಾಗಗಳು ಇವು. ರೆಕ್ಕೆಯ ನಡುಭಾಗ, ಅಂದರೆ ಒಂದು ಎಂಜಿನ್‌ನಿಂದ ಇನ್ನೊಂದರವರೆಗೆ, ಸಮತಟ್ಟು. ಎಂಜಿನ್ ದಾಟಿದ ಮೇಲೆ ಮಾತ್ರ ರೆಕ್ಕೆ ಸುಮಾರು 5 ಡಿಗ್ರಿ ಮೇಲೇಳುತ್ತದೆ. ಅಗ್ಗದ ಮಾದರಿಯಲ್ಲಿ ರೆಕ್ಕೆ ಒಡಲಿನಿಂದಲೇ ಮೇಲೆದ್ದು ಹದ್ದಿನ ಹಾಗಾಗಿರುತ್ತದೆ. 1:100 ಅಳತೆಯಲ್ಲಿ ಮಾದರಿಯನ್ನು ಕಡಪ ಕಲ್ಲಿನ ಮೇಲೆ ಸಮವಾಗಿ ನಿಲ್ಲಿಸಿ ಸ್ಕೇಲ್ ಹಿಡಿದರೆ ತುದಿಯು ನಡುಭಾಗಕ್ಕಿಂತ 8-9 ಮಿ.ಮೀ. ಎತ್ತರ ಇರಬೇಕು, ಎಡಬಲ ಎರಡೂ ಒಂದೇ. ಮೇಲಿಂದ ನೋಡಿದಾಗ ಹೊರ ರೆಕ್ಕೆಯ ಮುಂದಿನ ಅಂಚು ಹಿಂದಕ್ಕೆ ವಾಲಿರುತ್ತದೆ, ಹಿಂದಿನ ಅಂಚು ಹೆಚ್ಚುಕಡಿಮೆ ನೇರ. ಎರಡೂ ಅಂಚು ಸಮನಾಗಿ ಕಿರಿದಾಗುತ್ತಿದ್ದರೆ ಅದು ಡಕೋಟ ಅಲ್ಲ, ಯಾವುದೋ ವಿಮಾನ.

ಇನ್ನೊಂದು: ಚಕ್ರ ಮಡಚಿದಾಗಲೂ ಡಕೋಟದ ಟೈರಿನ ಅರ್ಧಭಾಗ ಎಂಜಿನ್ ಗೂಡಿನ ಕೆಳಗೆ ಕಾಣುತ್ತಿರುತ್ತದೆ. ಹಾರುವ ಭಂಗಿಯ ಮಾದರಿಯಲ್ಲಿ ಆ ಅರ್ಧಚಂದ್ರ ಇಲ್ಲದಿದ್ದರೆ ಮಾಡಿದವರು ಚಿತ್ರ ಸರಿಯಾಗಿ ನೋಡಿಲ್ಲ. ಪ್ರಯಾಣಿಕರ ಡಿಸಿ-3ನ್ನೇ ಡಕೋಟ ಅಂತ ಮಾರುವುದೂ ಉಂಟು. ಸರಕಿನ ಸಿ-47ಕ್ಕೆ ಹಿಂಬದಿಯ ಎಡಮಗ್ಗುಲಲ್ಲಿ ಅಗಲವಾದ ಜೋಡಿ ಬಾಗಿಲು, ಚಾಲಕರ ಕೋಣೆಯ ಹಿಂದೆ ಮಾಳಿಗೆ ಮೇಲೆ ಒಂದು ಗಾಜಿನ ಗುಮ್ಮಟ, ಬಾಲದ ತುದಿ ಮೊಂಡು. ಡಿಸಿ-3ರ ಬಾಲ ಚೂಪಾಗಿ ಮುಗಿಯುತ್ತದೆ.

ಪ್ಯಾಕೆಟ್ಟಿನ ಕತೆ ಬೇರೆ. 1954ರಿಂದ ಮೂರು ದಶಕ ಭಾರತೀಯ ವಾಯುಪಡೆಯ ಹಿಮಾಲಯದ ಗಾಡಿಯಾಗಿದ್ದದ್ದು ಇದು. 1962ರ ಜುಲೈನಲ್ಲಿ 16,000 ಅಡಿಗೂ ಎತ್ತರದ ದೌಲತ್ ಬೇಗ್ ಓಲ್ಡಿಯಲ್ಲಿ ಮೊದಲು ಇಳಿದ ವಿಮಾನ ಪ್ಯಾಕೆಟ್. ತೆಳು ಗಾಳಿಯಲ್ಲಿ ಎರಡು ಎಂಜಿನ್ನಿನ ಬಲ ಸಾಲದೆ ನಮ್ಮವರು ಅದರ ಬೆನ್ನ ಮೇಲೆ ಒಂದು ಜೆಟ್ ಎಂಜಿನ್ನನ್ನೂ ಕೂರಿಸಿದರು. ಆರ್ಫಿಯಸ್ ಅದರ ಹೆಸರು, ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾಗುತ್ತಿದ್ದದ್ದು. ನಮ್ಮ ಪ್ಯಾಕೆಟ್ಟಿನ ದೊಡ್ಡ ಗುರುತು ಬೆನ್ನ ಮೇಲಿನ ಆ ಗುಬುಟು, ದೂರದಿಂದಲೇ ಕಾಣುತ್ತದೆ. ಅಮೆರಿಕದ ಚಿತ್ರ ನೋಡಿ ಮಾಡಿದ ಮಾದರಿಗೆ ನಮ್ಮ ತ್ರಿವರ್ಣ ವೃತ್ತ ಅಂಟಿಸಿ ಮಾರುವವರು ಈ ಗುಬುಟನ್ನೇ ಮರೆತಿರುತ್ತಾರೆ.

ನೋಡಲು ಪ್ಯಾಕೆಟ್ಟಿನಷ್ಟು ಗತ್ತಿನ ಮಾದರಿ ಇನ್ನೊಂದಿಲ್ಲ ಅನ್ನುವುದು ನಮ್ಮ ಅಭಿಪ್ರಾಯ. ಮಾಡಿಸಲು ಇದರಷ್ಟು ತಲೆನೋವೂ ಇನ್ನೊಂದಿಲ್ಲ. ನಡುವೆ ಪೆಟ್ಟಿಗೆಯಂಥ ಒಡಲು, ಅದರ ಎರಡು ಕಡೆ ಎಂಜಿನ್, ಪ್ರತಿ ಎಂಜಿನ್ ಹಿಂದೆ ಬೆರಳಿಗಿಂತ ತೆಳುವಾದ, ಬಾಲ ಹಿಡಿಯುವ ಉದ್ದ ದಂಡ (ಬೂಮ್), ಎರಡು ಬೂಮ್‌ಗಳ ನಡುವೆ ಅಡ್ಡ ಬಾಲ. ಒಳ ರೆಕ್ಕೆ ಎಂಜಿನ್ನಿನವರೆಗೆ ಕೆಳಗಿಳಿದು ಅಲ್ಲಿಂದ ಮೇಲೇಳುತ್ತದೆ. ಅಂದರೆ ನಾಲ್ಕು ಕಡೆ ಬಿಗಿಯಾಗಿ ಕೂಡಿದ ಚೌಕಟ್ಟು. ಒಂದು ಬೂಮ್ ಒಂದು ಡಿಗ್ರಿ ವಾಲಿದರೂ ಇಡೀ ವಿಮಾನ ಮಂಚದ ಕಾಲು ಸೊಟ್ಟಗಾದ ಹಾಗೆ ಕಾಣುತ್ತದೆ.

ಕ್ಯಾರಿಬೂ ವಾಯುಪಡೆಗೆ 1963ರಲ್ಲಿ ಬಂದದ್ದು. ಒಳ ರೆಕ್ಕೆಯ ಇಳಿಜಾರು ಇದರಲ್ಲೂ ಇದೆ, ಬಾಲ ಎತ್ತರಕ್ಕೆ ಎದ್ದಿದೆ. ಮಾದರಿಗೆ ಚೆಂದ, ಆದರೆ ಗುರುತಿಸುವವರು ಕಡಿಮೆ. ಎಎನ್-12, 1961ರಿಂದ 1990ರ ದಶಕದ ಆರಂಭದವರೆಗೆ ಹಾರಿದ ನಾಲ್ಕು ಎಂಜಿನ್ನಿನ ಸೋವಿಯತ್ ದೈತ್ಯ. ಅದನ್ನು ಹಾರಿಸಿದ 44ನೇ ಸ್ಕ್ವಾಡ್ರನ್ನಿನವರ ಮನೆಗೆ ಉಡುಗೊರೆಯಾದರೆ ಅದೇ ಸರಿ. ಮೂಗಿನಲ್ಲಿ ಗಾಜಿನ ಪಂಜರ, ಬಾಲದ ತುದಿಯಲ್ಲಿ ಬಂದೂಕುಗಾರನ ಗೂಡು, ಇವೆರಡು ಇಲ್ಲದಿದ್ದರೆ ಅದು ಎಎನ್-12 ಅನ್ನಿಸುವುದಿಲ್ಲ.

ಉಡುಗೊರೆ ಕೊಡುವವರು ಪ್ರೊಪೆಲರ್ ಎಲೆ ಎಣಿಸಿ. ಡಕೋಟ, ಕ್ಯಾರಿಬೂಗೆ ಮೂರು. ಪ್ಯಾಕೆಟ್, ಎಎನ್-12ಕ್ಕೆ ನಾಲ್ಕು. ನಿವೃತ್ತ ತಂತ್ರಜ್ಞರ ಕೈಗೆ ನಾಲ್ಕು ಎಲೆಯ ಡಕೋಟ ಕೊಟ್ಟರೆ ಅವರು ಸುಮ್ಮನೆ ನಗುತ್ತಾರೆ. ಕೆಟ್ಟದ್ದು ಅಂತ ಹೇಳಿದ್ದರೇ ವಾಸಿಯಿತ್ತು.

ವಸ್ತು: ಕಿನ್ನಾಳದ ಪೊಂಕಿ

ಕೊಪ್ಪಳದಿಂದ ಹನ್ನೆರಡು ಕಿಲೋಮೀಟರ್ ಆಸುಪಾಸಿನ ಕಿನ್ನಾಳದಲ್ಲಿ ಚಿತ್ರಗಾರರ ಕೈಗೆ ಪೊಂಕಿ ಎಂಬ ಹಗುರ ಮರ ಹೊಸದಲ್ಲ. ಭೌಗೋಳಿಕ ಗುರುತು ಪಡೆದ ಈ ಕಲೆಯ ಗುಟ್ಟು ಮರಕ್ಕಿಂತ ಅದರ ಮೇಲಿನ ಲೇಪದಲ್ಲಿದೆ. ಸೆಣಬಿನ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಮತ್ತು ಹುಣಸೆಬೀಜದ ಅಂಟಿನೊಂದಿಗೆ ಕಲಸಿದ "ಕಿಟ್ಟ"ದಿಂದ ಸಂದು ತುಂಬುತ್ತಾರೆ. ಕಲ್ಲಿನ ಪುಡಿ ಮತ್ತು ಗೋಂದಿನ ಲೇಪದಿಂದ ಉಬ್ಬು ಕೆಲಸ ಎಬ್ಬಿಸುತ್ತಾರೆ. ಗರುಡನಿಗೆ ರೆಕ್ಕೆ ಕೂರಿಸಿ ಬಲ್ಲ ಕೈಗೆ ಡಕೋಟದ ರೆಕ್ಕೆ ಕೂರಿಸುವುದು ಕಷ್ಟವಲ್ಲ. ಆದರೆ ಅವರ ಮುಂದೆ ಫೋಟೋ ಇಡಬೇಡಿ. ಮೇಲಿಂದ, ಪಕ್ಕದಿಂದ, ಮುಂದಿನಿಂದ ನೋಡಿದ ಮೂರು ನಕ್ಷೆಗಳನ್ನು ಬೇಕಾದ ಅಳತೆಗೇ ಪ್ರಿಂಟ್ ತೆಗೆದು ರಟ್ಟಿಗೆ ಅಂಟಿಸಿ ಕತ್ತರಿಸಿ ಕೊಡಿ. ರಟ್ಟನ್ನು ಮರದ ಮೇಲಿಟ್ಟು ಗೆರೆ ಎಳೆಯಲು ಬರುತ್ತದೆ. ಫೋಟೋ ಮಾತ್ರ ಕೊಟ್ಟರೆ ಚೆಂದದ ವಿಮಾನ ಬರುತ್ತದೆ, ನಿಮ್ಮ ವಿಮಾನ ಬರುವುದಿಲ್ಲ.

ಲೇಪಕ್ಕೆ ದಪ್ಪ ಇದೆ ಅನ್ನುವುದನ್ನು ಮರೆತಾಗ ಕೆಲಸ ಕೆಡುತ್ತದೆ. ಎರಡು-ಮೂರು ಕೈ ಹಚ್ಚಿ ಉಜ್ಜಿದ ಮೇಲೂ ಪ್ರತಿ ಮಗ್ಗುಲಿಗೆ ಅರ್ಧದಿಂದ ಒಂದು ಮಿ.ಮೀ. ಉಳಿಯುತ್ತದೆ. ದೇವರ ಮೂರ್ತಿಯಲ್ಲಿ ಅದು ಲೆಕ್ಕಕ್ಕಿಲ್ಲ. 3 ಮಿ.ಮೀ. ದಪ್ಪದ ರೆಕ್ಕೆಯ ತುದಿಯಲ್ಲಿ ಎರಡು ಕಡೆ ಸೇರಿ 5 ಆಗಿ, ರೆಕ್ಕೆ ಹೋಗಿ ರೊಟ್ಟಿ ಬಡಿಯುವ ಹಲಗೆಯಾಗುತ್ತದೆ. ಆದ್ದರಿಂದ ಮರವನ್ನು ಎಲ್ಲ ಕಡೆ ಮುಕ್ಕಾಲು ಮಿ.ಮೀ. ಕಡಿಮೆ ಕೆತ್ತಬೇಕು, ಹಿಂದಿನ ಅಂಚಿಗೆ ಕಿಟ್ಟ ಹಾಕಲೇಬಾರದು. ಒಂದು ಕೈ ಪೂರ್ತಿ ಒಣಗದೆ ಮುಂದಿನದು ಹಚ್ಚಿದರೆ ಒಳಗಿನ ತೇವ ಸಿಕ್ಕಿಬಿದ್ದು, ಮೇ ತಿಂಗಳಲ್ಲಿ ಕೆರೆಯ ತಳದ ಹಾಗೆ ಬಿರುಕು ಬಿಡುತ್ತದೆ.

ಪೊಂಕಿ ತೀರಾ ಮೃದು, ಉಗುರು ಒತ್ತಿದರೂ ಗುರುತು ಬೀಳುತ್ತದೆ. ಅದಕ್ಕೆ ಒಳಗೆ ಬೆನ್ನೆಲುಬು ಬೇಕು. ಹಳೆಯ ಸೈಕಲ್ ಸ್ಪೋಕ್ ಇದಕ್ಕೆ ಪಕ್ಕಾ: 2 ಮಿ.ಮೀ. ದಪ್ಪ, ಒಂದು ಅಡಿಗೆ ಸ್ವಲ್ಪ ಕಡಿಮೆ ಉದ್ದ. 1:100 ಡಕೋಟಕ್ಕೆ ಒಂದೇ ಸ್ಪೋಕ್ ಸಾಕು. ನಡುಭಾಗ ನೇರ ಬಿಟ್ಟು, ಎಂಜಿನ್ ಬರುವ ಎರಡು ಜಾಗದಲ್ಲಿ 5 ಡಿಗ್ರಿ ಬಗ್ಗಿಸಿ, ರೆಕ್ಕೆಯ ಕೆಳಮಗ್ಗುಲಲ್ಲಿ ತೋಡಿದ ಕಾಲುವೆಯಂಥ ಖಾಚಿನಲ್ಲಿ ಅರಾಲ್ಡೈಟ್ ಹಾಕಿ ಕೂರಿಸಿ, ಕಿಟ್ಟದಿಂದ ಮುಚ್ಚಿದರೆ ರೆಕ್ಕೆ ಮುರಿಯುವುದೂ ಇಲ್ಲ, ಕೋನ ಬದಲಾಗುವುದೂ ಇಲ್ಲ.

ಹುಳದ ಪರೀಕ್ಷೆ ಮರ ಕೊಳ್ಳುವಾಗಲೇ ಆಗಬೇಕು. ಸೂಜಿಮೊನೆಯಂಥ ತೂತು, ಬಡಿದರೆ ಉದುರುವ ಹಿಟ್ಟಿನಂಥ ಪುಡಿ ಕಂಡರೆ ಆ ತುಂಡು ಬೇಡ. ಬಣ್ಣ ಹಚ್ಚಿದ ಮೇಲೆ ಒಳಗಿನ ಹುಳಕ್ಕೆ ಅದೇ ಭದ್ರ ಮನೆ.

ಒಟ್ಟಾರೆ ಪೊಂಕಿ ಮತ್ತು ಕಿಟ್ಟದ ಕೆಲಸ ಡಕೋಟಕ್ಕೆ ಅತ್ಯುತ್ತಮ, ಎಎನ್-12ಕ್ಕೆ ಚೆನ್ನಾಗಿ ಒಪ್ಪುತ್ತದೆ, ಕ್ಯಾರಿಬೂಗೆ ನಡೆಯುತ್ತದೆ, ಪ್ಯಾಕೆಟ್ಟಿಗೆ ಬೇಡ. ಅದರ ಬೂಮಿಗೆ ಕಿಟ್ಟ ಹಚ್ಚಿದರೆ ಸೌತೆಕಾಯಿಯಾಗುತ್ತದೆ.

ಸಾಗವಾನಿ

ಬಣ್ಣ ಬೇಡ, ಮರ ಮರದ ಹಾಗೇ ಕಾಣಲಿ ಅನ್ನುವವರಿಗೆ ಸಾಗವಾನಿ. ನಮ್ಮ ಊರುಗಳಲ್ಲಿ ಹಳೆಯ ಮನೆ ಕೆಡವಿದಾಗ ಸಿಗುವ ಬಾಗಿಲು, ತೊಲೆಯ ಮರ ಹೊಸ ಮರಕ್ಕಿಂತ ಮೇಲು. ಹತ್ತಾರು ಬೇಸಿಗೆ ಕಂಡ ಮರ ಇನ್ನು ಕುಗ್ಗುವುದು ತೀರಾ ಕಡಿಮೆ. ಗರಗಸಕ್ಕೆ ಕೊಡುವ ಮುಂಚೆ ಅಯಸ್ಕಾಂತ ಆಡಿಸಿ ನೋಡಿ, ಒಳಗೆ ಮುರಿದ ಮೊಳೆ ಕೂತಿರುತ್ತದೆ. ಹೊಸ ಮರವಾದರೆ, ಅದರಲ್ಲೂ ಮಲೆನಾಡಿನ ಡಿಪೋದಿಂದ ಬಂದದ್ದಾದರೆ, ತುಂಡು ಮಾಡಿ ನಿಮ್ಮ ಊರಿನಲ್ಲೇ ಮೂರು-ನಾಲ್ಕು ವಾರ ನೆರಳಲ್ಲಿಟ್ಟು ಆಮೇಲೆ ಕೆತ್ತಿಸಿ. ಅಲ್ಲಿಯ ತೇವಕ್ಕೆ ಹೊಂದಿಕೊಂಡ ಮರ ಬಳ್ಳಾರಿಯ ಒಣಹವೆಗೆ ಬಂದು ಅಂಟಿನ ಗೆರೆಯಲ್ಲೇ ಬಾಯಿ ಬಿಡುತ್ತದೆ.

ಸಾಗವಾನಿಯಲ್ಲಿ ಎಣ್ಣೆಯಂಶ ಇರುವುದರಿಂದ ಅಂಟು ಹಿಡಿಯುವುದಿಲ್ಲ. ಕೂಡಿಸುವ ಮುಖಗಳನ್ನು 120 ನಂಬರಿನ ಉಪ್ಪುಕಾಗದದಲ್ಲಿ ಉಜ್ಜಿ, ಥಿನ್ನರ್ ಅದ್ದಿದ ಬಟ್ಟೆಯಿಂದ ಒರೆಸಿ, ಹತ್ತು-ಹದಿನೈದು ನಿಮಿಷದೊಳಗೆ ಅಂಟು ಹಾಕಬೇಕು. ಮರುದಿನ ಹಾಕಿದರೆ ಎಣ್ಣೆ ಮತ್ತೆ ಮೇಲೆ ಬಂದಿರುತ್ತದೆ.

ಎಳೆಯ ದಿಕ್ಕು ನೋಡುವುದು ಅದಕ್ಕಿಂತ ಮುಖ್ಯ. ಒಂದೇ ಹಲಗೆಯಲ್ಲಿ ಒಡಲು, ರೆಕ್ಕೆ ಎರಡನ್ನೂ ಶಿಲುಬೆಯ ಹಾಗೆ ಕತ್ತರಿಸಿದ ಮಾದರಿಗಳು ಬರುತ್ತವೆ. ಒಡಲಿನಲ್ಲಿ ಎಳೆ ಉದ್ದಕ್ಕೆ ಓಡಿದರೆ ರೆಕ್ಕೆಯಲ್ಲಿ ಅಡ್ಡಕ್ಕೆ ಓಡುತ್ತದೆ, ಒಮ್ಮೆ ಕೆಳಗೆ ಬಿದ್ದರೆ ಬಿಸ್ಕತ್ತಿನ ಹಾಗೆ ಲಟಕ್ಕೆಂದು ಮುರಿಯುತ್ತದೆ. ರೆಕ್ಕೆ ಬೇರೆ ತುಂಡಾಗಿರಬೇಕು, ಅದರ ಎಳೆ ತುದಿಯಿಂದ ತುದಿಗೆ ಓಡಬೇಕು, ಒಡಲಿನ ಕೆಳಗೆ ಖಾಚು ತೆಗೆದು ಕೂರಿಸಿರಬೇಕು. ಮಾದರಿ ತಿರುಗಿಸಿ ಹೊಟ್ಟೆ ನೋಡಿದರೆ ಗೊತ್ತಾಗುತ್ತದೆ.

ಪಾಲಿಶ್ ವಿಷಯದಲ್ಲಿ ಹಳೆಯ ಅರಗಿನ ಪಾಲಿಶ್ ಮೇಲೆ ನಮಗೂ ಮೋಹವಿದೆ. ಆದರೆ ಸ್ಯಾನಿಟೈಸರ್ ಹಚ್ಚಿದ ಕೈ ತಾಗಿದರೆ ಅದರ ಸ್ಪಿರಿಟ್ಟಿಗೆ ಅರಗು ಕರಗಿ ಬೆರಳಚ್ಚು ಮೂಡುತ್ತದೆ. ಆಫೀಸ್ ಮೇಜಿಗೆ ಮೆಲಮೈನ್ ಅಥವಾ ಪಿಯು (ಪಾಲಿಯುರಥೇನ್) ಪಾಲಿಶ್, ಅದರಲ್ಲೂ ಮ್ಯಾಟ್.

ಪ್ಯಾಕೆಟ್ ಮರದಲ್ಲೇ ಬೇಕೆಂದರೆ ಸಾಗವಾನಿ ಮಾತ್ರ. ಕ್ರಮ ಹೀಗಿರಲಿ: ಮೊದಲು ಎರಡು ಬೂಮ್ ಮತ್ತು ಅಡ್ಡ ಬಾಲ ಕೂಡಿಸಿ "ಯು" ಆಕಾರ. ಒಂದು ಪ್ಲೈವುಡ್ ತುಂಡಿನ ಮೇಲೆ ನಕ್ಷೆ ಅಂಟಿಸಿ, ಬೂಮ್‌ಗಳ ಎರಡೂ ಪಕ್ಕಕ್ಕೆ ಮೊಳೆ ಹೊಡೆದು, ನಡುವೆ ಬೂಮ್ ಸಿಕ್ಕಿಸಿ 24 ಗಂಟೆ ಬಿಡಬೇಕು. ಆಮೇಲೆ ಆ "ಯು"ವನ್ನು ರೆಕ್ಕೆಗೆ, ಕೊನೆಗೆ ಒಡಲು. ಒಡಲಿನಿಂದ ಶುರು ಮಾಡಿದರೆ ಎಲ್ಲ ತಪ್ಪೂ ಬಾಲದಲ್ಲಿ ಬಂದು ಕೂಡುತ್ತದೆ, ಅಡ್ಡ ಬಾಲ ಒಂದೋ ಗಿಡ್ಡ ಬೀಳುತ್ತದೆ ಇಲ್ಲ ಒತ್ತಿ ಸೇರಿಸಬೇಕಾಗುತ್ತದೆ. ಒತ್ತಿ ಸೇರಿಸಿದ್ದು ಮೊದಲ ಬೇಸಿಗೆಯಲ್ಲೇ ಬಿಟ್ಟುಕೊಳ್ಳುತ್ತದೆ.

ಅಲ್ಯೂಮಿನಿಯಂ

ಪ್ಯಾಕೆಟ್ಟಿಗೆ ನಮ್ಮ ಮೊದಲ ಆಯ್ಕೆ ಇದು. ಬೂಮ್ ತೆಳುವಾದರೂ ಬಗ್ಗುವುದಿಲ್ಲ, ಬಿಸಿಲಿಗೆ ಹೆದರುವುದಿಲ್ಲ, ಬಣ್ಣ ಹಚ್ಚದ ಹಳೆಯ ವಿಮಾನದ ಬೆಳ್ಳಿ ಮೈ ತಾನಾಗಿಯೇ ಸಿಗುತ್ತದೆ. ಮರದಲ್ಲಿ ಅಚ್ಚು ಮಾಡಿ ಮರಳಿನಲ್ಲಿ ಎರಕ ಹೊಯ್ಯುವುದು ರೂಢಿ. ಎರಕ ತಣ್ಣಗಾದಾಗ ನೂರಕ್ಕೆ ಸುಮಾರು 1.3ರಷ್ಟು ಕುಗ್ಗುತ್ತದೆ. 33.3 ಸೆಂ.ಮೀ. ರೆಕ್ಕೆಗೆ ಅದು 4 ಮಿ.ಮೀ.ಗಿಂತ ಹೆಚ್ಚು, ಅಚ್ಚನ್ನು ಅಷ್ಟು ದೊಡ್ಡದಾಗಿ ಮಾಡಿರಬೇಕು. ಮರಳಿನ ಎರಕದಲ್ಲಿ 4 ಮಿ.ಮೀ.ಗಿಂತ ತೆಳುವಾದ ಅಂಚು ತುಂಬುವುದೇ ಕಷ್ಟ. ದಪ್ಪವಾಗಿ ಹೊಯ್ದು ಅರ ಹಾಕಿ ತೆಳು ಮಾಡಬೇಕು. ದುಡ್ಡು ಹೋಗುವುದು ಲೋಹಕ್ಕಲ್ಲ, ಈ ಅರದ ಕೆಲಸಕ್ಕೆ.

ಕಬ್ಬಿಣದ ಎರಕದಲ್ಲೇ ಪಳಗಿದವರು ಅಲ್ಯೂಮಿನಿಯಂ ಅನ್ನೂ ಕೆಂಪಗೆ ಕಾಯಿಸಿಬಿಡುತ್ತಾರೆ. ಅದು ಕರಗುವುದು 660 ಡಿಗ್ರಿಗೆ. ಹೆಚ್ಚು ಕಾದರೆ ಗಾಳಿಯ ತೇವದಿಂದ ಹೈಡ್ರೋಜನ್ ಹೀರಿಕೊಂಡು, ತಣ್ಣಗಾಗುವಾಗ ಸೂಜಿತೂತುಗಳಾಗಿ ಬಿಡುತ್ತದೆ. ಬಫ್ ಹಿಡಿದ ಮೇಲೆಯೇ ಅವು ಹೊರಬೀಳುವುದು, ಅಷ್ಟರಲ್ಲಿ ಮುಂಗಡ ಹೋಗಿರುತ್ತದೆ. ಆದ್ದರಿಂದ ಪಾಲಿಶ್‌ಗೆ ಮುಂಚೆ ರೆಕ್ಕೆಯ ಮೇಲೆ ಒಂದು ಜಾಗ 220, 400, 800 ಎಮರಿ ಕಾಗದದಲ್ಲಿ ಉಜ್ಜಿಸಿ ನೋಡಿ. ಅಲ್ಲಿ ತೂತಿದ್ದರೆ ಎಲ್ಲ ಕಡೆ ಇದೆ. ಅಚ್ಚಿಗೆ ಚೆನ್ನಾಗಿ ಹರಿಯುವ ಎಲ್‌ಎಂ6 ಮಿಶ್ರಲೋಹದಲ್ಲಿ ಸಿಲಿಕಾನ್ ಹೆಚ್ಚು. ಕನ್ನಡಿಯಂಥ ಹೊಳಪು ಬರುವುದಿಲ್ಲ, ತುಸು ಬೂದು ಛಾಯೆ ಉಳಿಯುತ್ತದೆ. ಸರಕು ವಿಮಾನಕ್ಕೆ ಆ ಬೂದೇ ಚೆಂದ.

ತೂಕದ ಅಂದಾಜಿಗೆ: 1:100 ಡಕೋಟದ ಗಾತ್ರ ಸುಮಾರು 115 ಘನ ಸೆಂ.ಮೀ. ಗಟ್ಟಿ ಸಾಗವಾನಿಯಾದರೆ 75 ಗ್ರಾಂ, ಅಲ್ಯೂಮಿನಿಯಂ 310 ಗ್ರಾಂ, ಹಿತ್ತಾಳೆ ಒಂದು ಕಿಲೋ ಹತ್ತಿರ. ಹಿತ್ತಾಳೆಯ ವಿಮಾನ ಬೇಡವೇ ಬೇಡ. ದೇವರ ಸಾಮಾನಿನ ಜೊತೆ ಅಮಾವಾಸ್ಯೆಗೊಮ್ಮೆ ಹುಣಸೆಹಣ್ಣು ಹಚ್ಚಿ ತಿಕ್ಕುವ ತಾಳ್ಮೆ ಇದ್ದವರ ಮಾತು ಬೇರೆ.

3ಡಿ ಪ್ರಿಂಟ್

ಪ್ರಿಂಟ್ ತೆಗೆದು ಕೈಯಿಂದ ಉಜ್ಜಿ, ಬಣ್ಣ ಹಚ್ಚಿದ್ದನ್ನೂ "ಹ್ಯಾಂಡ್‌ಮೇಡ್" ಅಂತಲೇ ಮಾರುತ್ತಾರೆ. ಅದರಲ್ಲಿ ತಪ್ಪಿಲ್ಲ, ಉಜ್ಜುವುದೂ ಕೈಯ ಕೆಲಸವೇ. ಆಕಾರದ ನಿಖರತೆಯಲ್ಲಿ ಇದನ್ನು ಮೀರಿಸುವುದು ಇನ್ನೊಂದಿಲ್ಲ, ಕ್ಯಾರಿಬೂವಿನ ಎದ್ದ ಬಾಲ, ಎಎನ್-12ರ ಗಾಜಿನ ಮೂಗು ಎಲ್ಲ ಸಲೀಸು. ಕೇಳಬೇಕಾದ ಮೊದಲ ಪ್ರಶ್ನೆ: ಪಿಎಲ್‌ಎಯೋ, ಪಿಇಟಿಜಿಯೋ, ಎಬಿಎಸ್ಸೋ? ಪಿಇಟಿಜಿ ಸುಮಾರು 80, ಎಬಿಎಸ್ 100 ಡಿಗ್ರಿ ದಾಟುವವರೆಗೆ ಗಟ್ಟಿ ಇರುತ್ತದೆ. ನಮ್ಮ ಕಡೆಗೆ ಪಿಇಟಿಜಿ ಸಾಕು. ಪಿಎಲ್‌ಎ ಆದರೆ ಕಾರಿನಲ್ಲಿ ಹಾಳಾಗದಿದ್ದರೂ, ಶೀಟಿನ ಮಾಳಿಗೆಯ ಕೋಣೆಯಲ್ಲಿ ಎರಡು ಬೇಸಿಗೆಯ ಹೊತ್ತಿಗೆ ಉದ್ದ ರೆಕ್ಕೆ ತನ್ನ ಭಾರಕ್ಕೇ ನಿಧಾನವಾಗಿ ಜೋತುಬೀಳುತ್ತದೆ. ಒಳಗೆ 2-3 ಮಿ.ಮೀ. ಸ್ಟೀಲ್ ಅಥವಾ ಕಾರ್ಬನ್ ಕಡ್ಡಿ ಹಾಕಿಸದೆ 1:72 ರೆಕ್ಕೆ ಒಪ್ಪಿಕೊಳ್ಳಬೇಡಿ. ಪದರದ ದಪ್ಪ 0.12 ಮಿ.ಮೀ. ಅಥವಾ ಕಡಿಮೆ ಇರಲಿ. 0.2 ಆದರೆ ಒಡಲಿನ ಬೆನ್ನ ಮೇಲೆ ಗದ್ದೆಯ ಬದುಗಳ ಹಾಗೆ ಮೆಟ್ಟಿಲು ಕಾಣುತ್ತವೆ.

ಮಕ್ಕಳ ಶಾಲೆಗೆ, ಒಂದೇ ಅಳತೆಯ ನಾಲ್ಕಾರು ವಿಮಾನ ಬೇಕಿದ್ದಲ್ಲಿ ಪ್ರಿಂಟೇ ಸರಿ. ಜನ್ಮವಿಡೀ ಇಟ್ಟುಕೊಳ್ಳುವ ಒಂದು ವಿಮಾನಕ್ಕೆ ಅಲ್ಲ.

ಬಣ್ಣ, ಗುರುತು, ಕೆಂಪು ಧೂಳು

ಬಳ್ಳಾರಿ, ಸಂಡೂರು, ತೋರಣಗಲ್ಲು ಕಡೆ ಅದಿರಿನ ಕೆಂಪು ಧೂಳು ಬಿಳಿ ಬಣ್ಣದ ವೈರಿ. ವಾಯುಪಡೆಯ ಎಷ್ಟೋ ಸಾರಿಗೆ ವಿಮಾನಗಳ ಒಡಲಿನ ಮೇಲ್ಭಾಗ ಬಿಳಿ. ಆ ಬಿಳಿಯನ್ನು ಮ್ಯಾಟ್ ಬಣ್ಣದಲ್ಲಿ ಹಚ್ಚಿದರೆ ಆರೇ ತಿಂಗಳಲ್ಲಿ ಕಾವಿ ಬಣ್ಣ. ಮ್ಯಾಟ್ ಮೈಯ ಸಣ್ಣ ಗುಳಿಗಳಲ್ಲಿ ಧೂಳು ಕೂತು ಒದ್ದೆ ಬಟ್ಟೆಯಿಂದ ತಿಕ್ಕಿದಷ್ಟೂ ಒಳಕ್ಕೆ ಹೋಗುತ್ತದೆ, ಅದಿರಿನ ಕಣ ಉಪ್ಪುಕಾಗದದ ಕೆಲಸವನ್ನೂ ಮಾಡುತ್ತದೆ. ಅರೆಹೊಳಪಿನ ಲ್ಯಾಕರ್ ಮೇಲ್ಪದರ ಕೇಳಿ. ಧೂಳನ್ನು ಮೊದಲು ಮೆತ್ತನೆಯ ಬಣ್ಣದ ಬ್ರಷ್ಷಿನಿಂದ ಉದುರಿಸಿ, ಆಮೇಲೆ ಬಟ್ಟೆ. ಇಲ್ಲಿಯವರಿಗೆ ಅಕ್ರಿಲಿಕ್ ಪೆಟ್ಟಿಗೆ ಐಷಾರಾಮವಲ್ಲ. 1:100 ಡಕೋಟಕ್ಕೆ ಒಳ ಅಳತೆ 34 × 24 × 16 ಸೆಂ.ಮೀ., ಹಾಳೆ 3 ಮಿ.ಮೀ. ಸಾಕು.

ಗುರುತಿನ ವಿಷಯ: ಈಗಿನ ಕೇಸರಿ, ಬಿಳಿ, ಹಸಿರು ವೃತ್ತ 1950ರ ಈಚಿನದು, ಕೇಸರಿ ನಡುವೆ, ಹಸಿರು ಹೊರಗೆ. ಫಲಕದ ಮೇಲೆ "ಶ್ರೀನಗರ 1947" ಅಂತ ಬರೆದು ರೆಕ್ಕೆಗೆ ಈ ವೃತ್ತ ಹಾಕಿದ್ದರೆ ಎರಡರಲ್ಲಿ ಒಂದು ಸುಳ್ಳು. ಬ್ರಷ್ಷಿನಲ್ಲಿ ಬರೆದ ವೃತ್ತಕ್ಕಿಂತ ನೀರಿನಲ್ಲಿ ಜಾರಿಸಿ ಅಂಟಿಸುವ ಸ್ಟಿಕ್ಕರ್ ನೀಟು, ಆದರೆ ಅದರ ಮೇಲೆ ಲ್ಯಾಕರ್ ಹಚ್ಚಿರಲೇಬೇಕು. ಇಲ್ಲದಿದ್ದರೆ ಒಣಹವೆಗೆ ಅಂಚು ಸುರುಳಿ ಸುತ್ತುತ್ತದೆ.

ಸ್ಟ್ಯಾಂಡ್

ಮಾದರಿಯ ಸಮತೋಲದ ಜಾಗ ಹುಡುಕದೆ ಒಡಲಿನ ನಡುವೆ ತೂತು ಹೊಡೆದರೆ ಅದು ಸದಾ ಒಂದು ಕಡೆಗೆ ವಾಲುತ್ತದೆ. ದಾರದಲ್ಲಿ ನೇತುಹಾಕಿ, ಸಮವಾಗಿ ನಿಲ್ಲುವ ಜಾಗಕ್ಕೇ 5 ಮಿ.ಮೀ. ಸ್ಟೀಲ್ ಕಡ್ಡಿ. ಬುಡಕ್ಕೆ ಕುಷ್ಟಗಿ ಕಡೆಯ ಗ್ರಾನೈಟ್ ಅಂಗಡಿಗಳಲ್ಲಿ ಬಿಸಾಡುವ ಕಡಿ ಸಾಕು: 15 × 10 × 2 ಸೆಂ.ಮೀ. ತುಂಡು ಮುಕ್ಕಾಲು ಕಿಲೋಗೂ ಮೇಲೆ ತೂಗುತ್ತದೆ, ಸುಲಭಕ್ಕೆ ಉರುಳುವುದಿಲ್ಲ. ತೂತನ್ನು ವಜ್ರದ ಬಿಟ್ಟಿನಲ್ಲಿ ನೀರು ಬಿಡುತ್ತಾ ಕೊರೆಸಿ, ಒಣಗಿ ಕೊರೆದರೆ ಕಲ್ಲು ಸಿಡಿಯುತ್ತದೆ.

ಸ್ಟ್ಯಾಂಡ್ ಬೇಡ, ಚಕ್ರದ ಮೇಲೆ ನಿಲ್ಲಲಿ ಅನ್ನುವವರಿಗೆ ಡಕೋಟ ಸಲೀಸು, ಅದರ ಸಣ್ಣ ಚಕ್ರ ಬಾಲದಲ್ಲೇ ಇದೆ. ಪ್ಯಾಕೆಟ್, ಕ್ಯಾರಿಬೂ, ಎಎನ್-12ರ ಸಣ್ಣ ಚಕ್ರ ಮೂಗಿನ ಕೆಳಗೆ. ಮಾದರಿಯಲ್ಲಿ ಮೂಗು ಹಗುರಾಗಿ ವಿಮಾನ ನಾಯಿ ಕೂತ ಹಾಗೆ ಬಾಲದ ಮೇಲೆ ಕೂತುಬಿಡುತ್ತದೆ. ಬಣ್ಣಕ್ಕೆ ಮುಂಚೆಯೇ ಮೂಗಿನ ಒಳಗೆ ಮೀನಿನ ಗಾಳದ ಸೀಸದ ಗುಂಡು ತುಂಬಿಸಬೇಕು, ಆಮೇಲೆ ದಾರಿಯಿಲ್ಲ.

ತೆಗೆದುಕೊಳ್ಳುವ ದಿನ

ಒಂದು ದಾರ ಒಯ್ಯಿರಿ. ನಿಂತ ಬಾಲದ ತುದಿಯಿಂದ ಎಡರೆಕ್ಕೆಯ ತುದಿಗೆ, ಅಲ್ಲಿಂದ ಬಲಕ್ಕೆ ಹಿಡಿದು ನೋಡಿ. 1:100 ಅಳತೆಯಲ್ಲಿ 1 ಮಿ.ಮೀ. ವ್ಯತ್ಯಾಸ ಒಪ್ಪಬಹುದು, 3 ಆದರೆ ರೆಕ್ಕೆ ಓರೆ ಕೂತಿದೆ. ಪ್ಯಾಕೆಟ್ಟಿನಲ್ಲಿ ಎರಡು ಬೂಮ್‌ಗಳ ನಡುವಿನ ಅಂತರವನ್ನು ರೆಕ್ಕೆಯ ಹತ್ತಿರ ಒಮ್ಮೆ, ಬಾಲದ ಹತ್ತಿರ ಒಮ್ಮೆ ಅಳೆಯಿರಿ. ಪ್ರೊಪೆಲರ್ ಕಳಚಿ ಹಾಕುವ ಹಾಗಿದೆಯೇ ನೋಡಿ, ಒಂದೆರಡು ಹೆಚ್ಚಿಗೆ ಮಾಡಿಸಿಕೊಳ್ಳಿ. ಮುರಿಯುವುದು ಮೊದಲು ಅವೇ.

ಬಸ್ಸಿನಲ್ಲಿ ತರುವುದಾದರೆ ಪ್ರೊಪೆಲರ್ ಬೇರೆ ಡಬ್ಬಿಯಲ್ಲಿ. ರೆಕ್ಕೆಗೆ ಥರ್ಮೊಕೋಲ್ ನೇರವಾಗಿ ತಾಗಿಸಬೇಡಿ. ಪೂರ್ತಿ ಆರದ ಬಣ್ಣದ ಥಿನ್ನರ್ ಥರ್ಮೊಕೋಲನ್ನು ಕರಗಿಸಿ, ಬಿಸಿಲಿಗೆ ಕಾದ ಡಿಕ್ಕಿಯಲ್ಲಿ ಎರಡೂ ಒಂದಾಗಿ ಅಂಟಿಬಿಡುತ್ತವೆ. ಮೊದಲು ಹತ್ತಿ ಬಟ್ಟೆ, ಆಮೇಲೆ ಥರ್ಮೊಕೋಲ್. ಬಣ್ಣ ಹಚ್ಚಿ ಒಂದು ವಾರವಾದರೂ ಆಗಿರಲಿ, ಉಗುರು ಒತ್ತಿದರೆ ಗುರುತು ಬೀಳದಿದ್ದಾಗ ಕಟ್ಟಿಸಿ.